ದುರಂತದ ಕನ್ನಡಿಯಲ್ಲಿ ಕಂಡ ಮುಖ



ಕಳೆದ ಶ್ರಾವಣ ಮಾಸದಲ್ಲಿ ಭದ್ರಾವತಿಯ ಹಳೇನಗರದ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿಯ ನಿಮಿತ್ತ ನಮ್ಮ ಎರಡು ದಿನಗಳ ವಾಸ್ತವ್ಯವಿತ್ತು. ಮೊದಲ ದಿನದ ಪೂಜೆ, ಪ್ರಸಾದಗಳೆಲ್ಲ ಮುಗಿದ ಮೇಲೆ ಆ ಮನೆಯ ಮೊಮ್ಮಗಳು ನಮ್ಮ ಬಳಿಗೆ ಬಂದಳು. ಶಿವಮೊಗ್ಗದ ಕಾಲೇಜಿನಲ್ಲಿ ಓದುತ್ತಿರುವ ಬುದ್ಧಿವಂತ ಮಗು. ತನ್ನ ಪಾಠಕ್ಕೆ ಸಂಬಂಧಿಸಿದ ಹಳೆಯ ಚಲನಚಿತ್ರವೊಂದನ್ನು ನೋಡಬೇಕಾಗಿದೆಯೆಂದೂ, ಮನೆಮಂದಿಯೆಲ್ಲ ಜೊತೆಯಲ್ಲಿ ಕುಳಿತರೆ ತನಗೆ ಅರ್ಥವಾಗದ ಸಂಗತಿಗಳನ್ನು ಕೇಳಿ ತಿಳಿಯಬಹುದೆಂದೂ ಬಿನ್ನವಿಸಿಕೊಂಡಳು. ಚಿತ್ರ ಯಾವುದೆಂದು ಕೇಳಿದೆವು. 1970ರಲ್ಲಿ ತಯಾರಾದ 'ಸಂಸ್ಕಾರ' ಎಂದಳು. ಸಂತೋಷದಿಂದಲೇ ಒಪ್ಪಿ ಕುಳಿತೆವು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂಬುದನ್ನು ಮೊದಲೇ ನಿವೇದಿಸಿಕೊಳ್ಳುತ್ತೇವೆ. ಈ ಸಂಚಿಕೆಯ ಲೇಖನ ಆ ನಿದ್ರೆಗೆಟ್ಟ ರಾತ್ರಿಯಿಂದ ಹುಟ್ಟಿದ್ದು.

ಚಿತ್ರ ಮುಗಿದು ದೀಪ ಹಾಕಿದಾಗ ಕೆಲಕಾಲ ಯಾರೂ ಮಾತನಾಡಲಿಲ್ಲ. ಅನಂತರ ಮನೆಯ ಯಜಮಾನರು ಉತ್ತರೀಯ ಕೊಡವಿಕೊಂಡು ಎದ್ದು, "ಬಿಡಿ ಶಾಸ್ತ್ರಿಗಳೇ, ಇದೆಲ್ಲ ಅವರ ಅಗ್ರಹಾರದ ಕಥೆ. ನಮ್ಮಲ್ಲಿ ಆ ಮಡಿ ಎಲ್ಲಿದೆ, ಆ ಮೈಲಿಗೆ ಎಲ್ಲಿದೆ? ಬಸವಣ್ಣನೋರು ಎಂಟುನೂರು ವರ್ಷದ ಹಿಂದೇನೇ ಅದನ್ನೆಲ್ಲ ತೊಳೆದು ಹಾಕಿದಾರಲ್ಲ" ಎಂದರು. ನಾವೂ ಹೌದೆಂಬಂತೆ ತಲೆಯಾಡಿಸಿದೆವು. ಆಗ ಮೂಲೆಯಲ್ಲಿ ಕುಳಿತಿದ್ದ ಅವರ ತಾಯಿ, ಎಂಬತ್ತೈದು ದಾಟಿದ ವೃದ್ಧೆ, ಕಣ್ಣೊರೆಸಿಕೊಂಡು ಮೆಲ್ಲನೆ ಕೇಳಿದರು: "ಹೌದೇನಪ್ಪ? ಹಾಗಾದ್ರೆ ಆ ಹುಡುಗನ್ನ ಬೆಳಗ್ಗಿಂದ ಬೈಗಿನ ತನಕ ಬಾಗಿಲಲ್ಲಿ ಕೂರಿಸಿದ್ದೋರು ಯಾರು?"

"ಯಾವ ಹುಡುಗ, ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ. ನಮ್ಮ ಮುಖವನ್ನು ನೋಡಿದರು.

ಆ ಹುಡುಗ ಯಾರೆಂಬುದನ್ನು ವಾಚಕರಿಗೆ ಹೇಳಲೇಬೇಕು. ಆದರೆ ಅದಕ್ಕೆ ಮೊದಲು, ಆ ಚಿತ್ರವನ್ನು ಕಾಣದಿರುವ ಮನೆಗಳವರಿಗಾಗಿ ಅದರ ಕಥೆಯನ್ನು ಸಂಕ್ಷೇಪವಾಗಿ ತಿಳಿಸುವುದು ಉಚಿತ.

ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರ ಕಾದಂಬರಿ ಅದರ ಮೂಲ. ಒಂದು ಅಗ್ರಹಾರ. ಅಲ್ಲಿ ನಾರಣಪ್ಪನೆಂಬವನು ಆಚಾರವನ್ನೆಲ್ಲ ಗಾಳಿಗೆ ತೂರಿ, ಚಂದ್ರಿ ಎಂಬ ಬೇರೆ ಕುಲದ ಹೆಣ್ಣಿನೊಡನೆ ಬಾಳುತ್ತಿದ್ದಾನೆ. ಶಿವಮೊಗ್ಗೆಗೆ ಹೋಗಿ ಬಂದವನು ಜ್ವರದಿಂದ ಮಲಗಿ, ಗಡ್ಡೆಯೆದ್ದು, ಸಾಯುತ್ತಾನೆ. ಪ್ಲೇಗು ಬಂದಿದೆಯೆಂಬುದು ಅಗ್ರಹಾರಕ್ಕೆ ಇನ್ನೂ ತಿಳಿದಿಲ್ಲ. ಅವನ ಶವವನ್ನು ಸಂಸ್ಕಾರ ಮಾಡುವವರು ಯಾರೆಂಬುದು ಪ್ರಶ್ನೆ. ಜಾತಿಯಿಂದ ಬಹಿಷ್ಕರಿಸಿರಲಿಲ್ಲವಾದ್ದರಿಂದ ಅನ್ಯರು ಮುಟ್ಟುವಂತಿಲ್ಲ. ಆಚಾರಭ್ರಷ್ಟನಾದ್ದರಿಂದ ತಾವು ಮುಟ್ಟಲೊಲ್ಲರು. ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟಾಗ, ಒಲ್ಲೆನೆಂದವರ ಕಣ್ಣುಗಳೇ ಚಿನ್ನದ ಮೇಲೆ ನೆಡುತ್ತವೆ. ಪಂಡಿತರಾದ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ. ಗ್ರಂಥವೂ ಹೇಳುವುದಿಲ್ಲ, ದೇವರೂ ಹೇಳುವುದಿಲ್ಲ. ಶವ ಕೊಳೆಯುತ್ತದೆ, ಇಲಿಗಳು ಸಾಯುತ್ತವೆ, ಹದ್ದುಗಳು ಮನೆಯ ಮಾಡುಗಳ ಮೇಲೆ ಕೂರುತ್ತವೆ. ಕೊನೆಗೆ ಕಥೆಯಲ್ಲಿ ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿ ಗುಟ್ಟಾಗಿ ಆ ದೇಹಕ್ಕೆ ಬೆಂಕಿ ಕೊಡಿಸುತ್ತಾಳೆ. ಅಗ್ರಹಾರದ ಪಂಡಿತರಿಗೆ ಅದು ಗೊತ್ತೇ ಆಗುವುದಿಲ್ಲ.

ಪಟ್ಟಾಭಿರಾಮ ರೆಡ್ಡಿಯವರು ಈ ಚಿತ್ರವನ್ನು ಶೃಂಗೇರಿಯ ಸಮೀಪದ ತುಂಗಾತೀರದ ವೈಕುಂಠಪುರದಲ್ಲಿ ಚಿತ್ರೀಕರಿಸಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರೂ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರೂ ಅಭಿನಯಿಸಿದರು. ಜಾತಿಗಳ ನಡುವೆ ಕಲಹ ಹುಟ್ಟೀತೆಂಬ ಭಯದಿಂದ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರವನ್ನೇ ನಿರಾಕರಿಸಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಮರುಪರಿಶೀಲನೆಯಾದ ಬಳಿಕ ಚಿತ್ರ ಹೊರಬಂದು, 1970ನೆಯ ಸಾಲಿನ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ನಮ್ಮ ವಾಚಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಚಿತ್ರದಲ್ಲಿ ಯಾರೂ ಮುಟ್ಟಲೊಲ್ಲದ ನಾರಣಪ್ಪನ ಪಾತ್ರವನ್ನು ಧರಿಸಿದವರು ಪಿ. ಲಂಕೇಶರು. ಅವರು ನಮ್ಮ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು, ನಮ್ಮದೇ ಸಮಾಜದ ಮನೆಯಲ್ಲಿ ಹುಟ್ಟಿದವರು. ಅಗ್ರಹಾರದ ಅಂಗಳದಲ್ಲಿ ಹೆಣವಾಗಿ ಮಲಗಿದ ಆ ಮುಖ ನಮ್ಮ ನೆರೆಯ ಊರಿನ ಮುಖ.

ಇನ್ನು ಅಜ್ಜಿಯ ಮಾತಿಗೆ ಬರೋಣ.

1992ರ ಬೇಸಗೆ. ನಮಗಾಗ ಮೂವತ್ತು ದಾಟಿದ ವಯಸ್ಸು. ಮಠದ ವಿದ್ಯಾಭ್ಯಾಸ ಮುಗಿಸಿ, ಶಿವಮೊಗ್ಗದಲ್ಲಿ ನೆಲೆನಿಂತು, ಸುತ್ತಮುತ್ತಲ ಊರುಗಳಲ್ಲಿ ಪುರಾಣ ಪ್ರವಚನ ನಡೆಸುತ್ತಿದ್ದ ಕಾಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ನಮ್ಮ ಸಮಾಜದ ತರುಣನೊಬ್ಬ ಬೇರೆ ಜಾತಿಯ ಕನ್ಯೆಯನ್ನು ಮದುವೆಯಾಗಿದ್ದ. ಆ ದಿನದಿಂದ ತಂದೆಯ ಮನೆಯ ಬಾಗಿಲು ಅವನಿಗೆ ಮುಚ್ಚಿತು. ಸಮಾಜದ ಪಂಕ್ತಿಯಿಂದಲೂ ಅವನನ್ನು ದೂರವಿಟ್ಟರು. ಮೂರು ವರ್ಷಗಳಾದ ಮೇಲೆ ರಸ್ತೆಯ ಅಪಘಾತದಲ್ಲಿ ಅವನು ತೀರಿಕೊಂಡ. ಅವನ ಕೊರಳಲ್ಲಿ ಇಷ್ಟಲಿಂಗವಿತ್ತು. ಪೂಜೆಯನ್ನು ಅವನು ಒಂದು ದಿನವೂ ಬಿಟ್ಟಿರಲಿಲ್ಲವೆಂದು ಅವನ ಪತ್ನಿ ಹೇಳಿದಳು. ವಿಧಿಯಂತೆ ಶರೀರವನ್ನು ಕುಳ್ಳಿರಿಸಿ, ಬಾಡಿಗೆ ಮನೆಯ ಬಾಗಿಲಿನಲ್ಲಿ ಇಟ್ಟಿದ್ದರು. ಸಮಾಜದ ರುದ್ರಭೂಮಿಯಲ್ಲಿ ಸಮಾಧಿಗೆ ಸ್ಥಳ ಕೊಡಬೇಕೇ ಬೇಡವೇ ಎಂಬ ವಾದ ಹಿರಿಯರಲ್ಲಿ ಎದ್ದಿತು. ಭವಿಯ ಮನೆಯ ಹೆಣ್ಣನ್ನು ತಂದವನು ಭಕ್ತನಾಗಿ ಉಳಿಯುವನೇ ಎಂದು ಕೆಲವರು; ಕೊರಳಲ್ಲಿ ಲಿಂಗವಿದ್ದವನನ್ನು ಕಳುಹಿಸುವುದೆಲ್ಲಿಗೆ ಎಂದು ಕೆಲವರು. ಪ್ರವಚನಕ್ಕೆಂದು ಊರಿನಲ್ಲಿಯೇ ಇದ್ದ ನಮ್ಮನ್ನು ಕರೆಸಿ, "ಶಾಸ್ತ್ರ ಏನು ಹೇಳುತ್ತದೆ, ಹೇಳಿ" ಎಂದರು.

ನಾವೇನು ಮಾಡಿದೆವು? "ಗ್ರಂಥಗಳು ಶಿವಮೊಗ್ಗದಲ್ಲಿವೆ, ನೋಡಿ ತಿಳಿಸುತ್ತೇವೆ" ಎಂದು ಹೇಳಿ ಬಸ್ಸು ಹತ್ತಿದೆವು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಆ ರಾತ್ರಿ ಹಣತೆಯ ಎಣ್ಣೆ ಮುಗಿಯುವವರೆಗೆ ಓದಿದೆವೆಂದು ಅಂದು ನಮಗೆ ಹೆಮ್ಮೆಯಿತ್ತು. ಮರುದಿನ ಬೆಳಿಗ್ಗೆ, ಲಿಂಗಧಾರಿಯಾದವನಿಗೆ ಸಮಾಧಿಕ್ರಿಯೆಯನ್ನು ನಿರಾಕರಿಸುವ ಅಧಿಕಾರ ಯಾರಿಗೂ ಇಲ್ಲವೆಂಬ ನಿರ್ಣಯವನ್ನು ಪ್ರಮಾಣಸಹಿತ ಬರೆದುಕೊಂಡು ಭದ್ರಾವತಿಗೆ ಮರಳಿದೆವು. ನಮ್ಮ ಉತ್ತರ ಸರಿಯಾಗಿತ್ತು. ಆದರೆ ಅದು ಒಂದು ದಿನ ತಡವಾಗಿತ್ತು. ಹಿಂದಿನ ದಿನ ಸಂಜೆಯೇ ಅವನ ಜೊತೆಯ ಕಾರ್ಮಿಕರು ಊರಾಚೆಯ ಸಾರ್ವಜನಿಕ ಮಸಣದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಮುಗಿಸಿದ್ದರು.

ಭದ್ರಾವತಿಯ ಬಗ್ಗೆ ತಿಳಿದವರಿಗೆ ಆ ಕಾರ್ಮಿಕರು ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಬೆಂಕಿಪುರವೆಂಬ ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತನಾಡುವವರು, ಬಯಲುಸೀಮೆಯ ಕನ್ನಡಿಗರು ಎಲ್ಲರೂ ಬಂದು ಒಂದೇ ಕುಲುಮೆಯ ಮುಂದೆ ಬೆವರಿದ್ದಾರೆ. ಅಂಥವರೇ ಐದಾರು ಮಂದಿ ಅಂದು ಹೆಗಲು ಕೊಟ್ಟರಂತೆ. ಇಷ್ಟು ಮಾತ್ರ ನಮಗೆ ಗೊತ್ತಿತ್ತು. ಉಳಿದದ್ದನ್ನು ಆ ಅಜ್ಜಿ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, ಆ ರಾತ್ರಿ, ಮೊಮ್ಮಗಳ ಕೈ ಹಿಡಿದುಕೊಂಡು ಹೇಳಿದರು.

"ನಿಮ್ಮ ತಾತ ಹೋಗಬೇಡ ಅಂದಿದ್ರು. ನಾನು ಹಿತ್ತಲ ಬಾಗಿಲಿಂದ ಹೋದೆ. ಸೆರಗಲ್ಲಿ ವಿಭೂತಿ ಗಟ್ಟಿ, ನಾಲ್ಕು ಬಿಲ್ವಪತ್ರೆ ಕಟ್ಕೊಂಡಿದ್ದೆ. ಆ ಸಾಬರ ಹಿರೀಕರೊಬ್ಬರು ಗುಂಡಿ ಹತ್ರ ನಿಂತಿದ್ರು. 'ಅಮ್ಮಾ, ನಿಮ್ಮೋರಲ್ಲಿ ಹೇಗೆ ಕೂರಿಸ್ತಾರೆ, ಹೇಳಿ, ನಾವು ಹಾಗೇ ಮಾಡ್ತೀವಿ' ಅಂದ್ರು. ನನಗೆ ಮಂತ್ರ ಬರೋದಿಲ್ಲ. ನೋಡಿದ್ದಷ್ಟನ್ನ ಹೇಳಿದೆ. ಆ ಹುಡುಗಿ ತಾನೇ ಕೆಳಗಿಳಿದು ಗಂಡನ ಅಂಗೈಯಲ್ಲಿ ಲಿಂಗ ಇಟ್ಟಳು. ನಾನು ವಿಭೂತಿ ಹಚ್ಚಿದೆ. ಅಷ್ಟೇ. ಬಂದು ಸ್ನಾನ ಮಾಡಿ, ಅಡಿಗೆಗೆ ಇಟ್ಟೆ."

ಯಜಮಾನರು ತಲೆತಗ್ಗಿಸಿ ಕುಳಿತರು. ಅವರ ತಂದೆ ಅಂದು ಹಿರಿಯರ ಸಾಲಿನಲ್ಲಿದ್ದವರು. ಅವರಿಗಿಂತ ಹೆಚ್ಚು ತಗ್ಗಬೇಕಾದ ತಲೆ ನಮ್ಮದು. ಅರ್ಧ ಗಂಟೆಯ ಹಿಂದೆ ಪ್ರಾಣೇಶಾಚಾರ್ಯರು ತಾಳೆಗರಿ ಬಿಡಿಸುವುದನ್ನು ನೋಡುತ್ತ, "ಅಯ್ಯೋ, ಹೆಣ ಕೊಳೆಯುತ್ತಿರುವಾಗ ಈ ಮಹಾನುಭಾವರಿಗೆ ಗ್ರಂಥವೇ" ಎಂದು ಮನಸ್ಸಿನಲ್ಲಿ ಮರುಗಿದ್ದವರು ನಾವು. ನಮ್ಮ ಬಸ್ಸಿನ ಪ್ರಯಾಣ ಆಗ ನೆನಪಿಗೇ ಬಂದಿರಲಿಲ್ಲ.

ದುರಂತವನ್ನು ಕುರಿತ ಚಲನಚಿತ್ರಗಳ ಬಗ್ಗೆ ನಾವು ಹೇಳಬೇಕಾದ ಮಾತು ಇಲ್ಲಿಯೇ ಇದೆ. ನೋಡುವವನನ್ನು ತೀರ್ಪುಗಾರನ ಪೀಠದಲ್ಲಿ ಕೂರಿಸಿ, ತಪ್ಪಿತಸ್ಥನನ್ನು ಎದುರಿಗೆ ನಿಲ್ಲಿಸಿ, "ಇವನೇ ಮಾಡಿದ್ದು, ಇವನ ಕುಲವೇ ಹೀಗೆ" ಎಂದು ತೋರಿಸಿ ಕಳುಹಿಸುವ ಚಿತ್ರಗಳಿವೆ. ನೋಡುವವನನ್ನು ಕಟಕಟೆಯ ಕಡೆಗೇ ಕರೆದೊಯ್ದು, "ಆ ಬಾಗಿಲಿನಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳುವ ಚಿತ್ರಗಳೂ ಇವೆ. ಮೊದಲನೆಯವು ಕಣ್ಣೀರು ತರಿಸಿದರೂ ವಿಭಜನೆಯನ್ನು ಹೆಚ್ಚಿಸುತ್ತವೆ. ಎರಡನೆಯವು ಕಹಿಯಾಗಿದ್ದರೂ ಒಳಗನ್ನು ತೊಳೆಯುತ್ತವೆ. ಆದರೆ ಒಳ್ಳೆಯ ಚಿತ್ರವನ್ನೂ ನಾವು ಮೊದಲನೆಯ ಬಗೆಯದಾಗಿ ನೋಡಿಬಿಡಬಹುದು. "ಅದು ಅವರ ಕಥೆ" ಎಂಬ ಒಂದು ಮಾತು ಸಾಕು.

ಈ ನಾಡಿನ ಚಿತ್ರಗಳಲ್ಲಿ ಎರಡನೆಯ ಬಗೆಗೆ ಸೇರಿದವು ಕೆಲವನ್ನು ನೆನೆಯೋಣ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ 'ಚೋಮನ ದುಡಿ'ಯಾಗಿ ತೆರೆಗೆ ತಂದರು. ಅದರಲ್ಲಿ ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಈಜು ಬಲ್ಲವರಿದ್ದಾರೆ; ಅಸ್ಪೃಶ್ಯನ ಮಗನೆಂಬ ಕಾರಣಕ್ಕೆ ಕೈ ನೀಡುವುದಿಲ್ಲ. ನೀರಿಗಿಳಿಯಹೊರಟವನನ್ನೂ ತಡೆಯುತ್ತಾರೆ. ಆ ದಡದ ಮೇಲೆ ನಿಂತವರ ಜಾತಿ ಯಾವುದೆಂದು ಹುಡುಕುವುದು ಸುಲಭ. ದಡವೆಂಬುದು ಮಾತ್ರ ಎಲ್ಲ ಊರುಗಳಲ್ಲಿಯೂ ಇದೆ.

ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರು 1977ರಲ್ಲಿ, ಅನಂತಮೂರ್ತಿಯವರ ಕಥೆಯನ್ನಾಧರಿಸಿ 'ಘಟಶ್ರಾದ್ಧ'ವನ್ನು ನಿರ್ದೇಶಿಸಿದರು. ವೇದಪಾಠಶಾಲೆಯ ಉಡುಪರ ಮಗಳು ಯಮುನಕ್ಕ ಬಾಲವಿಧವೆ. ಆಕೆ ಗರ್ಭಿಣಿಯಾದಾಗ, ಜೀವಂತವಾಗಿರುವ ಮಗಳ ಹೆಸರಿನಲ್ಲಿ ತಂದೆಯೇ ಮಡಕೆಯೊಡೆದು ಶ್ರಾದ್ಧ ಮಾಡುತ್ತಾರೆ. ಇದೆಲ್ಲವನ್ನೂ ನಾವು ಕಾಣುವುದು ನಾಣಿ ಎಂಬ ಪುಟ್ಟ ವಿದ್ಯಾರ್ಥಿಯ ಕಣ್ಣುಗಳಿಂದ. ಆ ಬಾಲಕನಿಗೆ ಶಾಸ್ತ್ರ ಗೊತ್ತಿಲ್ಲ. ಯಮುನಕ್ಕ ತನ್ನನ್ನು ಅಕ್ಕರೆಯಿಂದ ನೋಡಿಕೊಂಡಳೆಂಬುದು ಮಾತ್ರ ಗೊತ್ತು. ಆಕೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕುಳಿತಿರುವುದನ್ನು ಅವನು ಹಿಂದಿರುಗಿ ನೋಡುತ್ತಾನೆ. ಆ ನೋಟ ಯಾವ ವಾದಕ್ಕಿಂತಲೂ ಬಲವಾದದ್ದು. ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ಇಟಲಿ ದೇಶದ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಮಲೆನಾಡಿನ ಒಂದು ಮನೆಯ ದುಃಖ ಐವತ್ತು ವರ್ಷಗಳ ಸಮೀಪ ಬಂದರೂ ಹಳತಾಗಿಲ್ಲ.

ಇಂತಹ ಚಿತ್ರಗಳು ಧರ್ಮವನ್ನು ಹೀಯಾಳಿಸುತ್ತವೆ, ಮಕ್ಕಳಿಗೆ ತೋರಿಸಬಾರದು ಎಂದು ನಮ್ಮ ವಾಚಕರಲ್ಲಿ ಕೆಲವರು ಆಕ್ಷೇಪಿಸುವುದುಂಟು. ಆ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಜುಟ್ಟು, ಜಪಮಾಲೆ, ವಿಭೂತಿ, ಕಾವಿ ಯಾವುದು ಕಂಡರೂ ಕಪಟವೆಂದು ತೋರಿಸಿ ನಗೆ ಗಿಟ್ಟಿಸುವ ಚಿತ್ರಗಳು ಹೇರಳವಾಗಿ ಬಂದಿವೆ. ಅವುಗಳಿಂದ ಧರ್ಮಕ್ಕೂ ಲಾಭವಿಲ್ಲ, ಕಲೆಗೂ ಲಾಭವಿಲ್ಲ. ಆದರೆ ಪ್ರಾಣೇಶಾಚಾರ್ಯರು ಕಪಟಿಯಲ್ಲ, ಉಡುಪರು ಕ್ರೂರಿಯಲ್ಲ. ಅವರು ನಿಷ್ಠಾವಂತರು. ನಿಷ್ಠೆ ಕರುಣೆಯ ಕೈ ಬಿಟ್ಟರೆ ಏನಾಗುತ್ತದೆಂಬುದನ್ನು ಆ ಚಿತ್ರಗಳು ತೋರಿಸುತ್ತವೆ. ಅದು ಧರ್ಮನಿಂದೆಯಾಗಲಾರದು. ಮಠದಲ್ಲಿ ನಮ್ಮ ಗುರುಗಳು ಬೋಧಿಸಿದ್ದೂ ಅದನ್ನೇ. ನಾವು ಅದನ್ನು ಬರೆದುಕೊಂಡೆವು, ನಡೆಯಲಿಲ್ಲ.

ಶ್ರದ್ಧೆಯನ್ನು ಗೌರವದಿಂದ ಕಂಡ ಚಿತ್ರಕ್ಕೂ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸಾಗರದಲ್ಲಿ ಬಾಳಿದ ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರು ತೆಗೆದ 'ದ್ವೀಪ' 2002ರಲ್ಲಿ ತೆರೆಕಂಡಿತು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿದ ಊರುಗಳ ನೋವನ್ನು ಡಿಸೋಜರು ಹತ್ತಿರದಿಂದ ಕಂಡವರು. ಚಿತ್ರದಲ್ಲಿ ನೀರು ಏರುತ್ತಿದೆ. ಊರವರು ಒಬ್ಬೊಬ್ಬರಾಗಿ ಪರಿಹಾರದ ಹಣ ಪಡೆದು ಹೊರಟುಹೋಗುತ್ತಾರೆ. ಗುಡ್ಡದ ದೇವರ ಪೂಜೆ ಮಾಡಿಕೊಂಡಿರುವ ಒಂದು ಮನೆ ಮಾತ್ರ ಉಳಿಯುತ್ತದೆ. ಅಲ್ಲಿ ಸಮಾಜವನ್ನು ಒಡೆಯುವುದು ಜಾತಿಯಲ್ಲ, ತಮ್ಮತಮ್ಮ ಪಾಲಿನ ಪರಿಹಾರ. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಲೇಖಕರು ಬೆಟ್ಟದ ದೇವರ ಪೂಜಾರಿಯ ಮನಸ್ಸನ್ನು ಅಷ್ಟು ಮಮತೆಯಿಂದ ಬರೆದರಲ್ಲ, ಅದೂ ನಮಗೆ ಪಾಠವೇ. ಪರರ ಶ್ರದ್ಧೆಯನ್ನು ಒಳಗಿನಿಂದ ಕಾಣಬಲ್ಲವನಿಗೆ ಅವರ ದೋಷವನ್ನು ಹೇಳುವ ಅಧಿಕಾರವೂ ಬರುತ್ತದೆ.

ಹಾಗಾದರೆ ನಮ್ಮದೇ ಕಥೆ ಎಲ್ಲಿದೆ? ನಮ್ಮ ಸಮಾಜಕ್ಕೆ ದುರಂತವಿಲ್ಲವೇ? ಉಂಟು, ನಮ್ಮ ಹುಟ್ಟಿನಲ್ಲಿಯೇ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಮಗಾರ ಮೂಲದ ಹರಳಯ್ಯನವರ ಮಗನಿಗೂ ವಿವಾಹವಾಯಿತು. ಆ ಅಪರಾಧಕ್ಕಾಗಿ ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರು. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅಕ್ಕಮಹಾದೇವಿಯವರ ಉಡುತಡಿಯೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿವೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಮ್ಮೆಲ್ಲರ ಮೂಲದಲ್ಲಿ ಇರುವುದು ಒಂದು ಅಂತರ್ಜಾತಿ ವಿವಾಹ ಮತ್ತು ಅದಕ್ಕಾಗಿ ತೆತ್ತ ತಲೆಗಳು ಎಂಬುದನ್ನು ಎಷ್ಟು ಮನೆಗಳಲ್ಲಿ ಹೇಳುತ್ತೇವೆ?

1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರವನ್ನು ನಾವು ಬಾಲ್ಯದಲ್ಲಿ ಜಾತ್ರೆಯ ಟೆಂಟಿನಲ್ಲಿ ನೋಡಿದೆವು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿದ್ದರು, ರಾಜಕುಮಾರರು ಬಿಜ್ಜಳರಾಗಿದ್ದರು. ಹೆಂಗಸರು ತೆರೆಯ ಕಡೆಗೆ ಕೈಮುಗಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. 1983ರ 'ಕ್ರಾಂತಿಯೋಗಿ ಬಸವಣ್ಣ' ಬಂದಾಗ ಮಠದ ವಿದ್ಯಾರ್ಥಿಗಳೆಲ್ಲ ಗುಂಪಾಗಿ ಹೋಗಿ ನೋಡಿ ಬಂದೆವು. ಎರಡು ಬಾರಿಯೂ ಹಾಡುಗಳನ್ನು ಗುನುಗುತ್ತ ಮನೆಗೆ ಮರಳಿದೆವು. ಹರಳಯ್ಯನವರ ಹೆಸರನ್ನು ಹೇಳಿ ಅತ್ತವರನ್ನು ನಾವು ಕಾಣೆವು. ಇದು ಚಿತ್ರಗಳ ದೋಷವೆಂದು ಹೇಳುತ್ತಿಲ್ಲ; ನೋಡಲು ಹೋದ ನಮ್ಮ ದೋಷ. ಬಸವಣ್ಣನವರ ದರ್ಶನಕ್ಕೆ ಹೋದೆವು, ಪ್ರಶ್ನೆ ಕೇಳಿಸಿಕೊಳ್ಳಲು ಹೋಗಲಿಲ್ಲ. ಅದೇ ಕಲ್ಯಾಣದ ಪ್ರಶ್ನೆಯನ್ನು ರಂಗಭೂಮಿಯ ಮೇಲೆ ಲಂಕೇಶರು 'ಸಂಕ್ರಾಂತಿ'ಯಲ್ಲಿಯೂ ಕಾರ್ನಾಡರು 'ತಲೆದಂಡ'ದಲ್ಲಿಯೂ ಎತ್ತಿದರು. ನಾರಣಪ್ಪನಾಗಿ ಮಲಗಿದವರೂ ಪ್ರಾಣೇಶಾಚಾರ್ಯರಾಗಿ ನಿಂತವರೂ, ಇಬ್ಬರೂ ತಮ್ಮ ತಮ್ಮ ದಾರಿಯಿಂದ ಕಲ್ಯಾಣಕ್ಕೇ ಬಂದರೆಂಬುದು ಯೋಚಿಸತಕ್ಕ ವಿಷಯ.

ಜಾತಿಯ ಒಡಕಿನಂತೆಯೇ ಮತಧರ್ಮಗಳ ಒಡಕು. 2008ರ 'ಗುಲಾಬಿ ಟಾಕೀಸ್' ವೈದೇಹಿಯವರ ಕಥೆಯಿಂದ ಬೆಳೆದದ್ದು. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಮುಸಲ್ಮಾನ ಸೂಲಗಿತ್ತಿ. ಉಮಾಶ್ರೀಯವರು ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಊರಿನ ಮಕ್ಕಳನ್ನು ಭೂಮಿಗೆ ತಂದ ಕೈ ಅವಳದು. ಅವಳ ಮನೆಗೆ ಟಿ.ವಿ. ಬಂದಾಗ ಹೆಂಗಸರೆಲ್ಲ ಬಂದು ಕೂರುತ್ತಾರೆ. 1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಬರುತ್ತದೆ, ಅದೇ ಊರು ಅವಳನ್ನು ಹೊರಹಾಕುತ್ತದೆ. ನಿನ್ನೆ ಅವಳ ಜಗುಲಿಯಲ್ಲಿ ಕುಳಿತಿದ್ದವರು ಇಂದು ದ್ವೇಷದಿಂದ ಉರಿಯುವುದಿಲ್ಲ, ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನು ನಾವು ಬಲ್ಲೆವು. ಗ್ರಂಥ ನೋಡಿ ಹೇಳುತ್ತೇವೆಂದು ಬಸ್ಸು ಹತ್ತುವುದೂ ಅದರದೇ ಒಂದು ರೂಪ.

2022ರ ಫೆಬ್ರವರಿಯಲ್ಲಿ ಶಿವಮೊಗ್ಗ ನಗರದಲ್ಲಿ ತರುಣನೊಬ್ಬನ ಕೊಲೆಯಾಗಿ, ನಿಷೇಧಾಜ್ಞೆ ಜಾರಿಯಾಗಿ, ಅಂಗಡಿಗಳ ಬಾಗಿಲು ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಒಬ್ಬ ತಾಯಿಯ ಮಗ ಹೋದನೆಂಬ ದುಃಖ ಮೊದಲು ಬರಬೇಕಿತ್ತು. ಆದರೆ ಆ ದಿನಗಳಲ್ಲಿ ಮನೆಮನೆಯ ಮೊಬೈಲಿಗೆ ಬಂದ ತುಣುಕು ಚಿತ್ರಗಳನ್ನು ನೆನೆಯಿರಿ. ಎಲ್ಲಿಯದೋ ಬೆಂಕಿ, ಯಾವಾಗಿನದೋ ರಕ್ತ, ಅದಕ್ಕೆ ಯಾರೋ ಬರೆದ ಒಂದು ಸಾಲು. ಅವೂ ದುರಂತದ ಚಲನಚಿತ್ರಗಳೇ. ನಿರ್ದೇಶಕನಾರೆಂದು ತಿಳಿಯದ, ಸೆನ್ಸಾರ್ ಇಲ್ಲದ, ಎರಡು ನಿಮಿಷದ ಚಿತ್ರಗಳು. 'ಸಂಸ್ಕಾರ'ವನ್ನು ಕಲಹ ಹುಟ್ಟಿಸೀತೆಂದು ತಡೆದ ಕಾಲವೊಂದಿತ್ತು. ಈಗ ಕಲಹಕ್ಕೆಂದೇ ಕತ್ತರಿಸಿದ ತುಣುಕುಗಳನ್ನು ಪ್ರಸಾದದಂತೆ ಹಂಚುತ್ತಿದ್ದೇವೆ. ಅವು ಎಂದೂ "ನೀನೆಲ್ಲಿದ್ದೆ?" ಎಂದು ಕೇಳುವುದಿಲ್ಲ, "ಅವರು ಯಾರು ಗೊತ್ತೇ?" ಎಂದೇ ಕೇಳುತ್ತವೆ. ಆ ಪ್ರಶ್ನೆಯೊಂದಿಗೆ ಬರುವ ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಒಂದು ಗಳಿಗೆ ಇಷ್ಟಲಿಂಗದ ಮೇಲೆ ಕೈಯಿರಿಸಿ ಯೋಚಿಸಿರೆಂದು ನಮ್ಮ ಪ್ರಾರ್ಥನೆ.

ಗೃಹಸ್ಥರಿಗೆ ನಮ್ಮ ಸಲಹೆಯಿಷ್ಟೆ. ಇಂತಹ ಚಿತ್ರಗಳನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ನೋಡಿ. ನೋಡಿದ ಮೇಲೆ ದೀಪ ಹಾಕಿ ಎದ್ದುಬಿಡಬೇಡಿ. "ಇದು ಯಾರ ಕಥೆ?" ಎಂದು ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು, ಕೇಳಿ. ಮನೆಯ ಗಂಡಸರು ಮರೆತ ಲೆಕ್ಕ ಅವರ ಬಳಿ ಇರುತ್ತದೆ. ನಮ್ಮ ಒಳಪಂಗಡಗಳ ನಡುವೆ ಕೊಡುಕೊಳ್ಳುವಿಕೆ ನಿಂತದ್ದು ಎಲ್ಲಿ, ಯಾವ ಮಗಳ ಹೆಸರನ್ನು ಹೇಳುವುದನ್ನು ಬಿಟ್ಟಿದ್ದೇವೆ, ಯಾರ ಸಾವಿಗೆ ಹೋಗಲಿಲ್ಲ ಎಂಬುದೆಲ್ಲ ಅಲ್ಲಿ ಹೊರಬರುತ್ತದೆ. ಕೇಳಲು ಕಷ್ಟವಾದರೂ ಕೇಳಿ.

ಗೋಷ್ಠಿಯ ಎರಡನೆಯ ದಿನ ಮುಂಜಾನೆ, ಪೂಜೆಗೆ ಮೊದಲೇ, ಆ ಅಜ್ಜಿಯನ್ನು ಕರೆದುಕೊಂಡು ನಾವು ಆ ಮಸಣಕ್ಕೆ ಹೋದೆವು. ಯಜಮಾನರು ಕಾರು ನಡೆಸಿದರು. ಮೊಮ್ಮಗಳು ಅಜ್ಜಿಯ ತೋಳು ಹಿಡಿದಿದ್ದಳು. ಲಂಟಾನ ಬೆಳೆದು ದಾರಿಯೇ ಮುಚ್ಚಿತ್ತು. ಅಲ್ಲಿ ಒಂದು ಕಲ್ಲೂ ಇರಲಿಲ್ಲ, ಹೆಸರೂ ಇರಲಿಲ್ಲ. ಆ ಹೆಣ್ಣುಮಗಳು ಊರು ಬಿಟ್ಟು ತೌರಿನ ಕಡೆಗೆ ಹೋದಳೆಂಬುದಷ್ಟೇ ಅಜ್ಜಿಗೆ ಗೊತ್ತು. ಗುಂಡಿ ತೋಡಿಸಿದ ಆ ಹಿರಿಯರೂ ಈಗಿಲ್ಲ. ಅಜ್ಜಿ ಬಹಳ ಹೊತ್ತು ಅತ್ತಿತ್ತ ನೋಡಿದರು. ಕೊನೆಗೆ, "ಎಲ್ಲಿ ಅಂತ ಗುರುತು ಸಿಕ್ತಿಲ್ಲ ಶಾಸ್ತ್ರಿಗಳೇ. ಇಲ್ಲೇ ಎಲ್ಲೋ. ಇಡೀ ಜಾಗಕ್ಕೇ ಶರಣು ಮಾಡಿಬಿಡಿ" ಎಂದರು.

ನಾವು ಪಾದರಕ್ಷೆಗಳನ್ನು ಕಳಚಿ, ತಂದಿದ್ದ ವಿಭೂತಿಯನ್ನು ನೆಲಕ್ಕೆ ಹಚ್ಚಿ, ಹಾಗೆಯೇ ಮಾಡಿದೆವು. 1992ರಲ್ಲಿ ಬರೆದುಕೊಂಡಿದ್ದ ನಿರ್ಣಯದ ಕಾಗದ ಇಂದಿಗೂ ನಮ್ಮ ಗ್ರಂಥಗಳ ನಡು��ೆ ಇದೆ. ಅದನ್ನು ಹರಿದುಹಾಕುವುದಿಲ್ಲ. ನಮ್ಮ ಬಳಿ ಪಾಠಕ್ಕೆ ಬರುವ ವಟುಗಳಿಗೆ ಅದನ್ನು ತೋರಿಸುತ್ತೇವೆ, ಅದರ ಜೊತೆಗೆ ಈ ಕಥೆಯನ್ನೂ ಹೇಳುತ್ತೇವೆ.